ಲೇಬರ್ ರೂಮಿಂದ ವಾರ್ಡಿಗೆ ಬಾಣಂತಿ ಶಿಫ್ಟ್ ಮಾಡುವಾಗ ನಿಮ್ಮಲ್ಲಿ ಓವರ್ (ಕೇಸಿನ ವಿವರ ಹೇಳಿ ಮುಂದಿನವರಿಗೆ ಒಪ್ಪಿಸೋದು) ಹೇಗೆ ಕೊಡ್ತೀರಿ?

ರಾತ್ರಿಪಾಳಿ (ಸೋಮವಾರ, ರಾತ್ರಿ 11:08)

ತಾಲ್ಲೂಕು ಆಸ್ಪತ್ರೆ ಲೇಬರ್ ರೂಮಲ್ಲಿ ಆರು ವರ್ಷದಿಂದ ಇದ್ದೀನಿ. ಯಾವ ಊರು ಅಂತ ಕೇಳಬೇಡಿ, ಹೇಳಲ್ಲ. ಹದಿನೈದು ದಿನದ ಹಿಂದೆ ಆಗಿದ್ದು ಇನ್ನೂ ತಲೆಯಿಂದ ಹೋಗ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ರಾತ್ರಿ 2:40ಕ್ಕೆ ಹೆರಿಗೆ. ಚೊಚ್ಚಲು, ನಾರ್ಮಲ್, ಹೊಲಿಗೆ ಹಾಕಿತ್ತು. ಗರ್ಭಕೋಶ ಕುಗ್ಗಿಸೋ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಿದ್ದೆ, ಮಾಸು ಪೂರ್ತಿ ಬಂದಿತ್ತು, ಬ್ಲೀಡಿಂಗ್ ಹೆಚ್ಚೇನೂ ಇರಲಿಲ್ಲ. ಎರಡು ಗಂಟೆ ಲೇಬರ್ ರೂಮಲ್ಲೇ ಇಟ್ಟುಕೊಂಡು ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು, ಗೊತ್ತು. ಆದರೆ ಇರೋದು ನಾಲ್ಕು ಟೇಬಲ್, ಐದನೆಯವಳು ಕಾರಿಡಾರಲ್ಲಿ ಕೂಗ್ತಿದ್ದಾಳೆ. 3:45ಕ್ಕೆ ವಾರ್ಡಿಗೆ ಫೋನ್ ಮಾಡಿದೆ. "ಅಕ್ಕ, ಒಂದು ನಾರ್ಮಲ್ ಬರ್ತಿದೆ, ಎಲ್ಲ ಸರಿ ಇದೆ." "ಸರಿ, ಕಳಿಸಮ್ಮ." ಇಷ್ಟೇ ನಮ್ಮ ಓವರ್. ಆಯಮ್ಮ ವೀಲ್‌ಚೇರಲ್ಲಿ ಕರ್ಕೊಂಡು ಹೋದ್ರು. ಕೇಸ್ ಶೀಟ್ ಬಾಣಂತಿ ತೊಡೆ ಮೇಲೆ, ಕೂಸು ಅಜ್ಜಿ ಕೈಯಲ್ಲಿ.

ಮೇಲೆ ವಾರ್ಡಲ್ಲಿ 34 ಬಾಣಂತಿಯರಿಗೆ ಒಬ್ಬರೇ ಸಿಸ್ಟರ್. ಅವರು ಯಾವುದೋ ಸಿಸೇರಿಯನ್ ಕೇಸಿಗೆ ಡ್ರಿಪ್ ಬದಲಾಯಿಸ್ತಿದ್ರು. ಆಯಮ್ಮ ಕೇಸ್ ಶೀಟ್ ಟೇಬಲ್ ಮೇಲಿಟ್ಟು ವಾಪಸ್ ಬಂದ್ರು. 4:30ರ ಹೊತ್ತಿಗೆ ಅತ್ತೆ ಓಡಿ ಬಂದು "ಸೊಸೆ ನಡುಗ್ತಿದಾಳೆ, ಬಟ್ಟೆಯೆಲ್ಲ ಒದ್ದೆ" ಅಂದಾಗ ನೋಡಿದರೆ ಪ್ಯಾಡ್ ತೋಯ್ದು ಹಾಸಿಗೆಗೆ ಇಳಿದಿದೆ. ಗರ್ಭಕೋಶ ಹೊಕ್ಕುಳಿಂದ ಮೇಲೆ, ಬಲಕ್ಕೆ ವಾಲಿಕೊಂಡು, ಮೆತ್ತಗೆ. ಮೂತ್ರಚೀಲ ಬಿರಿಯೋ ಹಾಗೆ ತುಂಬಿತ್ತು. ಅದು ತುಂಬಿದ್ರೆ ಗರ್ಭಕೋಶ ಕುಗ್ಗಿ ಗಟ್ಟಿಯಾಗಲ್ಲ, ರಕ್ತ ನಿಲ್ಲಲ್ಲ. ಹೆರಿಗೆ ಆದಮೇಲೆ ಅವಳು ಒಂದು ಸಲವೂ ಮೂತ್ರಕ್ಕೆ ಹೋಗಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ.

ಕ್ಯಾಥೆಟರ್, ಮಸಾಜ್, ಡ್ರಿಪ್ಪಲ್ಲಿ ಮತ್ತೆ ಆಕ್ಸಿಟೋಸಿನ್, ಎರಡು ಬಾಟಲಿ ರಕ್ತ. ಹುಡುಗಿ ಉಳಿದಳು. ಐದನೇ ದಿನ ನಗು-ಮಗು ಗಾಡೀಲಿ ಮನೆಗೆ ಹೋದಳು.

ಮಾರನೇ ದಿನ ಮೀಟಿಂಗ್. ಲೇಬರ್ ರೂಮಿನವರು ಹೇಳಲಿಲ್ಲ ಅಂತ ವಾರ್ಡಿನವರು, ವಾರ್ಡಿನವರು ನೋಡಲಿಲ್ಲ ಅಂತ ನಾವು. ಕೊನೆಗೆ ಬೈಸಿಕೊಂಡಿದ್ದು ಆಯಮ್ಮ! "ನೀನ್ಯಾಕೆ ಹೇಳಲಿಲ್ಲ?" ಅಂತ. ಅವರಿಗೆ ಏನು ಹೇಳಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದರಾ?

ನಿಮ್ಮಲ್ಲಿ ಯಾರು ಜೊತೆ ಹೋಗ್ತಾರೆ? ಫಾರ್ಮ್ ಇದೆಯಾ? ಕೆಲಸ ಮಾಡುತ್ತಾ?

ವಾರ್ಡಿನವಳು

"ನಾರ್ಮಲ್, ಎಲ್ಲ ಸರಿ ಇದೆ" ಅನ್ನೋ ಮಾತಿಗೆ ನಾನು ಹನ್ನೊಂದು ವರ್ಷದಿಂದ ಹೆದರ್ತಾ ಬಂದಿದ್ದೀನಿ. ನಿಮ್ಮ ಮೇಲೆ ಕೋಪ ಇಲ್ಲ, ಆದ್ರೂ ಹೇಳಿಬಿಡ್ತೀನಿ. ಲೇಬರ್ ರೂಮಿನವರಿಗೆ ಹೆರಿಗೆ ಆಯ್ತು ಅಂದ್ರೆ ಕೇಸ್ ಮುಗೀತು. ನಮಗೆ ಅಲ್ಲಿಂದ ಶುರು. ಫೋನಲ್ಲಿ ಹೇಳಿ ಇಟ್ಟುಬಿಡೋದು ಓವರ್ ಅಲ್ಲ, ಕೊರಿಯರ್.

ರಾತ್ರಿಪಾಳಿ

ಒಪ್ಪಿದೆ ಅಕ್ಕ. ಆದರೆ ನಾನು ಜೊತೆಗೆ ಬಂದಿದ್ರೆ ಕಾರಿಡಾರಲ್ಲಿದ್ದವಳ ಹತ್ತಿರ ಯಾರಿರ್ತಿದ್ರು?

ವಾರ್ಡಿನವಳು

ಅದೂ ನಿಜ. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ.

ಧಾರವಾಡದಾಕಿ

ನಮ್ಮಲ್ಲೆ ಫಾರ್ಮ್ ಐತ್ರಿ. ಎರಡು ಪುಟ, ಇಪ್ಪತ್ತಾರು ಕಾಲಂ. ಲೇಬರ್ ರೂಮಿನ್ಯಾಗ ಕುಂತು ಎಲ್ಲಾ ಕಾಲಂಗೂ ಟಿಕ್ ಹೊಡದು ಕಳಸ್ತಾರ, ವಾರ್ಡಿನ್ಯಾಗ ಯಾರೂ ಓದೂದಿಲ್ಲ. ಒಂದ್ ಸಲ ಸಿಸೇರಿಯನ್ ಆದಾಕಿಗೆ "ಎಪಿಸಿಯೊಟಮಿ ಹೊಲಿಗೆ ಸರಿ ಐತಿ" ಅಂತ ಟಿಕ್ ಇತ್ತು. ಅದು ನಾರ್ಮಲ್ ಹೆರಿಗಿ ಒಳಗ ಕೆಳಗ ಕೊಯ್ದು ಹಾಕೂ ಹೊಲಿಗಿ. ನಕ್ಕು ನಕ್ಕು ಸಾಕಾತು, ಆಮ್ಯಾಲ ಹೆದರಿಕಿ ಬಂತು.

ಅದಕ್ಕ ನಾವು ಮೂರು ಮಂದಿ ನಮ್ಮಷ್ಟಕ್ಕ ಒಂದು ರೂಢಿ ಮಾಡ್ಕೊಂಡೇವಿ. ಕರಕೊಂಡ್ ಬಂದಾಕಿ ಮತ್ತ ತಗೊಳ್ಳಾಕಿ, ಇಬ್ಬರ ಕೈನೂ ಒಂದ ಹೊಟ್ಟಿ ಮ್ಯಾಲ. "ಗಟ್ಟಿ ಐತಿ ಹೌದಿಲ್ಲೋ?" "ಹೌದು." ಪ್ಯಾಡ್ ಇಬ್ಬರೂ ಕೂಡಿ ನೋಡೂದು. ಒಂದೂವರಿ ನಿಮಿಷದ ಕೆಲಸ. ನಾಳೆ ಮೆತ್ತಗಾದ್ರ "ನಿನ್ನೆ ಗಟ್ಟಿ ಇತ್ತು" ಅನ್ನಾಕ ನಾ ಬರೇ ಹಾಳಿ ನಂಬೂದ ಬ್ಯಾಡ, ನನ್ನ ಕೈಗೇ ಗೊತ್ತಿರ್ತೈತಿ.

ನರ್ಸಿಂಗ್ ಮೇಷ್ಟ್ರು

ಧಾರವಾಡದ ಅಕ್ಕ ಹೇಳಿದ್ದಕ್ಕೆ ನನ್ನ ಪೂರ್ತಿ ಮತ. ಆದರೂ ಮಾತಿಗೆ ಒಂದು ಚೌಕಟ್ಟು ಬೇಕು. ಎಸ್‌ಬಾರ್ ಅಂತ ನೀವೆಲ್ಲ ಓದಿರ್ತೀರಿ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನಿಮ್ಮಿಂದ ಏನಾಗಬೇಕು. ಮೂಲ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳದ್ದು. ಕೈಸರ್ ಪರ್ಮನೆಂಟೆ ಅನ್ನೋ ಆಸ್ಪತ್ರೆ ಸಮೂಹದವರು ಅದನ್ನ ಆಸ್ಪತ್ರೆಗೆ ತಂದರು.

ರಾತ್ರಿಪಾಳಿ ಅವರ ಕೇಸನ್ನೇ ತಗೊಳ್ಳಿ. "ಚೊಚ್ಚಲು, 2:40ಕ್ಕೆ ಹೆರಿಗೆ, ಎರಡು ಗಂಟೆ ಆಗೋ ಮುಂಚೆ ಕಳಿಸ್ತಿದ್ದೀನಿ. ಹಿಮೋಗ್ಲೋಬಿನ್ 9.2, ಹೊಲಿಗೆ ಇದೆ. ಗರ್ಭಕೋಶ ಗಟ್ಟಿ ಇದೆ, ಆದರೆ ಮೂತ್ರ ಆಗಿಲ್ಲ, ಅದೇ ನನಗೆ ಯೋಚನೆ. ಬಂದ ತಕ್ಷಣ ಮೂತ್ರ ಮಾಡಿಸಿ, ಇನ್ನೊಂದು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನೋಡಿ." ಹಿಮೋಗ್ಲೋಬಿನ್ ಲೆಕ್ಕ ಉದಾಹರಣೆಗೆ ಹಾಕಿದ್ದು. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು. ನಾವು ಸಾಮಾನ್ಯವಾಗಿ ಬಿಡೋದು ಕೊನೆಯ ಎರಡನ್ನ. "ನನಗೆ ಇದೇ ಯೋಚನೆ" ಅನ್ನೋಕೆ ನಮ್ಮ ನರ್ಸ್‌ಗಳಿಗೆ ನಾಲಿಗೆ ಏಳಲ್ಲ. ಅದು ಡಾಕ್ಟರ್ ಹೇಳಬೇಕಾದ್ದು ಅಂತ ತಲೇಲಿ ಕೂತುಬಿಟ್ಟಿದೆ.

ಕೇಸ್‌ಶೀಟ್ ಕಾಮಣ್ಣ

ಜಲಾಂತರ್ಗಾಮೀಲಿ ಲಿಫ್ಟ್ ಕೆಡಲ್ಲ ಮೇಷ್ಟ್ರೇ.

ನರ್ಸಿಂಗ್ ಮೇಷ್ಟ್ರು

😄 ಕೆಟ್ಟರೆ ಅಲ್ಲೇ ಮುಳುಗ್ತಾರೆ, ಅದಕ್ಕೇ ಸರಿಯಾಗಿ ಮಾತಾಡ್ತಾರೆ.

ಕುಡ್ಲದ ಸಿಸ್ಟರ್

ಬ್ಲೀಡಿಂಗ್ ಆದ್ರೆ ಕಣ್ಣಿಗೆ ಕಾಣ್ತದೆ ಮಾರಾಯ್ರೆ. ಕಾಣದೇ ಇರುವ ಸಂಗತಿ ಉಂಟಲ್ಲ, ಅದು ಇನ್ನೂ ಕಷ್ಟ. ನಮ್ಮಲ್ಲಿ ಆದದ್ದು ಕೇಳಿ. ತಾಯಿ ನೆಗೆಟಿವ್ ಗ್ರೂಪು. ಮಗುವಿನ ಗ್ರೂಪ್ ನೋಡ್ಲಿಕ್ಕೆ ಹೊಕ್ಕುಳಬಳ್ಳಿ ರಕ್ತ ಲೇಬರ್ ರೂಮಿನಿಂದ ಹೋಯ್ತು, ರಿಪೋರ್ಟ್ ಬಂದದ್ದೂ ಲೇಬರ್ ರೂಮಿಗೇ. ಪಾಸಿಟಿವ್. ಅಷ್ಟೊತ್ತಿಗೆ ತಾಯಿ ವಾರ್ಡಿಗೆ ಹೋಗಿ ಆಗಿತ್ತು. ರಿಪೋರ್ಟ್ ಅಲ್ಲಿಯ ಡಬ್ಬಿಯಲ್ಲಿ ಎರಡು ದಿನ ಮಲಗಿತ್ತು. ಇಂಥ ತಾಯಿಗೆ ಮುಂದಿನ ಬಸಿರಿನ ಮಗುವಿಗೆ ತೊಂದರೆ ಆಗದ ಹಾಗೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯ ಒಳಗೆ ಕೊಡ್ಬೇಕು. ಮೂರನೇ ದಿನ ಡಿಸ್ಚಾರ್ಜ್ ಬರೀಲಿಕ್ಕೆ ಕೂತಾಗ ಒಬ್ಬಳು ವಿದ್ಯಾರ್ಥಿನಿ ತಾಯಿ ಕಾರ್ಡ್ ತಿರುಗಿಸಿ ನೋಡಿ "ಸಿಸ್ಟರ್, ಇವರು ನೆಗೆಟಿವ್ ಅಲ್ವಾ?" ಅಂತ ಕೇಳಿದ್ಳು. ಆಗ 64 ಗಂಟೆ ಆಗಿತ್ತು. ಆ ಹುಡುಗಿ ಕೇಳದಿದ್ರೆ ಆ ತಾಯಿಯ ಮುಂದಿನ ಬಸಿರಿಗೆ ನಾವೇ ಕಲ್ಲು ಹಾಕಿದ ಹಾಗೆ ಆಗ್ತಿತ್ತು.

ಈಗ ನಮ್ಮಲ್ಲಿ ಓವರ್ ಕೊಡುವಾಗ "ಏನೇನು ಆಗಿದೆ" ಅಂತ ಹೇಳುದಕ್ಕಿಂತ ಮೊದಲು "ಏನೇನು ಬಾಕಿ ಉಂಟು" ಅಂತ ಹೇಳುದು. ಯಾವ ರಿಪೋರ್ಟ್ ಬರ್ಬೇಕು, ಯಾವ ಇಂಜೆಕ್ಷನ್ ಕೊಡ್ಲಿಕ್ಕೆ ಉಂಟು, ಮಗುವಿಗೆ ವಿಟಮಿನ್ ಕೆ ಆಯ್ತಾ, ಹೆಪಟೈಟಿಸ್ ಬಿ ಡೋಸ್ ಆಯ್ತಾ. ಆದದ್ದನ್ನು ಕಾಗದ ಹೇಳ್ತದೆ, ಬಾಕಿ ಇರುವುದನ್ನು ಕಾಗದ ಹೇಳುದಿಲ್ಲ.

ಧಾರವಾಡದಾಕಿ

ಬಾಕಿ ಏನೈತಿ ಅಂತ ಮೊದಲ ಹೇಳೂದು, ಇದು ಭಾರಿ ಛಲೋ ಐತ್ರಿ. ನಾಳೆಯಿಂದ ನಮ್ಮಲ್ಲೂ.

108ರ ಒಳಗಿನವ

ನೀವು ಒಂದೇ ಕಟ್ಟಡದಲ್ಲಿ ಕೆಳಗಿಂದ ಮೇಲೆ ಹೋಗೋ ಕಥೆ ಹೇಳ್ತಿದ್ದೀರಿ. ನಾನು ಆಂಬುಲೆನ್ಸಿನ ಇಎಂಟಿ, ದಾರೀಲಿ ತುರ್ತು ಚಿಕಿತ್ಸೆ ನೋಡ್ಕೊಳ್ಳೋನು. ತಾಲ್ಲೂಕಿಂದ ಜಿಲ್ಲೆಗೆ 70 ಕಿಲೋಮೀಟರ್ ಕರ್ಕೊಂಡು ಹೋಗೋ ಕಥೆ ಕೇಳಿ.

ಫಿಟ್ಸ್ ಬಂದ ಗರ್ಭಿಣಿ, ಬಿಪಿ 170/110. ರೆಫರಲ್ ಚೀಟೀಲಿ "ಮ್ಯಾಗ್ಸಲ್ಫ್ ಕೊಟ್ಟಿದೆ" ಅಂತ ಒಂದು ಸಾಲು, ಅದು ಫಿಟ್ಸ್ ತಡೆಯೋ ಇಂಜೆಕ್ಷನ್. ಎಷ್ಟು? ಎಷ್ಟೊತ್ತಿಗೆ? ನರಕ್ಕೆ ಮಾತ್ರವಾ, ಎರಡೂ ಪಿರ್ರೆಗೂ ಕೊಟ್ಟರಾ? ಏನೂ ಇಲ್ಲ. ಜಿಲ್ಲಾಸ್ಪತ್ರೆ ಲೇಬರ್ ರೂಮಲ್ಲಿ ಸಿಸ್ಟರ್ ಆಗಲೇ ಸಿರಿಂಜಿಗೆ ಎಳ್ಕೊಳ್ತಿದ್ರು. ನಾನು "ಮೇಡಂ, ಅಲ್ಲಿ ಕೊಟ್ಟಿದ್ದಾರೆ" ಅಂದೆ. "ಪೂರ್ತಿ ಕೊಟ್ಟಿದ್ದಾರೆ ಅಂತ ನೀವು ನೋಡಿದ್ದೀರಾ?" ಅಂದ್ರು. ಅವರು ಕೇಳಿದ್ದು ಸರಿಯೇ. ಫೋನ್ ಮಾಡಿದರೆ ಕೊಟ್ಟವರ ಡ್ಯೂಟಿ ಮುಗಿದು ಬಸ್ಸಲ್ಲಿದ್ದಾರೆ. ನರಕ್ಕೆ 4 ಗ್ರಾಂ, ಪಿರ್ರೆಗೆ ಐದೈದು, ಒಟ್ಟು 14 ಗ್ರಾಂ. ಅದು ಎರಡು ಸಲ ಬಿದ್ದರೆ ಉಸಿರೇ ನಿಲ್ಲಬಹುದು. ಕೊನೆಗೆ ಮಂಡಿ ತಟ್ಟಿ ನೋಡಿ, ಉಸಿರು ಎಣಿಸಿ, ಹೊದಿಕೆ ಸರಿಸಿದರೆ ಎರಡೂ ಕಡೆ ಹತ್ತಿ ಅಂಟಿಸಿದ ಗುರುತು! ಹತ್ತಿ ಹೇಳಿತು ಚೀಟಿ ಹೇಳದೇ ಇದ್ದದ್ದನ್ನ.

ಅವತ್ತಿಂದ ನಾನು ಹೊರಡೋ ಮುಂಚೆ ಬಿಳಿ ಪ್ಲಾಸ್ಟರ್ ಮೇಲೆ ಪೆನ್ನಲ್ಲಿ ಔಷಧ, ಪ್ರಮಾಣ, ಸಮಯ ಬರೆಸಿ ಅವರ ಮುಂಗೈಗೆ ಅಂಟಿಸ್ತೀನಿ. ಚೀಟಿ ಕಳೆಯುತ್ತೆ, ಕೈ ಕಳೆಯಲ್ಲ.

ಡಾಕ್ಟ್ರಮ್ಮ

ಪ್ಲಾಸ್ಟರ್ ಅಂಟಿಸೋದು ಬೇಡ ಅನ್ನಲ್ಲ, ಆದರೆ ಅದೇ ದಾಖಲೆ ಅಂದುಕೊಳ್ಳಬೇಡಿ. ಬೆವರಿಗೆ ಕಿತ್ತು ಹೋಗುತ್ತೆ. ರೆಫರ್ ಮಾಡೋ ಡಾಕ್ಟರ್ ಎದುರಿನ ಡಾಕ್ಟರಿಗೆ ಫೋನ್ ಮಾಡಲೇಬೇಕು, ಗಾಡಿ ಹೊರಡೋ ಮುಂಚೆ. ಅದು ನಮ್ಮ ಕೆಲಸ. ನಾವು ಮಾಡಲ್ಲ. ಒಪ್ಪಿಕೊಳ್ತೀನಿ.

ಕೇಸ್‌ಶೀಟ್ ಕಾಮಣ್ಣ

ಮೇಡಂ, ಫೋನ್ ಆಮೇಲೆ. ಮೊದಲು ನಿಮ್ಮವರ ಅಕ್ಷರ ಓದೋಕೆ ಬರೋ ಹಾಗೆ ಇರಲಿ. ಮೊನ್ನೆ ಒಂದು ಕೇಸ್ ಶೀಟ್‌ನ ಮೂರು ಜನ ಸಿಸ್ಟರ್, ಒಬ್ಬ ಮೆಡಿಕಲ್ ಶಾಪಿನವನು ಸೇರಿ ಓದಿದ್ವಿ.

ಡಾಕ್ಟ್ರಮ್ಮ

ಸರಿ, ನನ್ನದೇ ತಪ್ಪೊಂದು ಹೇಳ್ತೀನಿ, ಸಮಾಧಾನ ಆಗುತ್ತೆ ನಿಮಗೆ. ಪಿಜಿ ಮಾಡ್ತಿದ್ದಾಗ ರಾತ್ರಿ ವಾರ್ಡಿಂದ ಫೋನ್: "ಮೇಡಂ, ಬ್ಲೀಡಿಂಗ್ ಇದೆ." ನಾನು ಓಟಿಯಲ್ಲಿ (ಆಪರೇಷನ್ ಥಿಯೇಟರ್). ಬಿಪಿ ಎಷ್ಟು ಅಂದೆ, 130/80 ಅಂದ್ರು. ರಕ್ತ ನಿಲ್ಲಿಸೋಕೆ ಮೆಥರ್ಜಿನ್ ಕೊಡಿ ಅಂದೆ. ಆಕೆಗೆ ಏಳನೇ ತಿಂಗಳಿಂದ ಬಿಪಿ ಇತ್ತು, ಲೇಬರ್ ರೂಮಲ್ಲಿ ಲ್ಯಾಬೆಟಲಾಲ್ ಕೊಟ್ಟು ಇಳಿಸಿದ್ರು. 130/80 ಮಾತ್ರೆ ಕೊಟ್ಟಿದ್ದರಿಂದ ಬಂದ ಬಿಪಿ ಅನ್ನೋದು ವಾರ್ಡಿನವರಿಗೆ ಗೊತ್ತಿರಲಿಲ್ಲ, ತಾಯಿ ಕಾರ್ಡ್ ಲೇಬರ್ ರೂಮಲ್ಲೇ ಉಳಿದಿತ್ತು. ಬಿಪಿ ಇರೋರಿಗೆ ಮೆಥರ್ಜಿನ್ ಕೊಡಬಾರದು ಅಂತ ಮೊದಲ ವರ್ಷದ ಹುಡುಗರಿಗೂ ಗೊತ್ತು. ಅರ್ಧ ಗಂಟೇಲಿ 190/120. ಆಕೆಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ನಾನು "ಬಿಪಿ ಎಷ್ಟು" ಅಂತ ಕೇಳಿದೆ. "ಬಿಪಿ ಇತ್ತಾ" ಅಂತ ಕೇಳಬೇಕಿತ್ತು.

ವಾರ್ಡಿನವಳು

ಹೀಗೆ ಒಪ್ಪಿಕೊಳ್ಳೋ ಡಾಕ್ಟರನ್ನ ನಾನು ಈ ವೇದಿಕೇಲೇ ಮೊದಲು ನೋಡ್ತಿರೋದು.

ಅದಕ್ಕೇ ಸೇರಿಸ್ತೀನಿ, ಉಬ್ಬಸ ಇರೋರಿಗೆ ರಕ್ತ ನಿಲ್ಲಿಸೋ ಇನ್ನೊಂದು ಇಂಜೆಕ್ಷನ್ ಕಾರ್ಬೊಪ್ರೋಸ್ಟ್ ಬೇಡ. ಅದೂ ಓವರಲ್ಲಿ ಬರಲ್ಲ. "ಉಬ್ಬಸ ಇದೆಯಾ" ಅಂತ ನಾನೇ ಬಾಣಂತಿಯನ್ನ ಕೇಳ್ಕೋತೀನಿ.

ಸುಮ್ನೆ ಓದ್ತಿದ್ದೆ

ನಾನು ನರ್ಸ್ ಅಲ್ಲ, ಬಾಣಂತಿಯ ಗಂಡ. ಬೈಬೇಡಿ. ಎರಡು ತಿಂಗಳ ಹಿಂದೆ ನನ್ನ ಹೆಂಡತಿಗೆ ಸಿಸೇರಿಯನ್ ಆಯ್ತು. ಓಟಿಯಿಂದ ಪೋಸ್ಟ್ ಆಪ್, ಅಲ್ಲಿಂದ ವಾರ್ಡು. ಮಗು ಎಸ್‌ಎನ್‌ಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ. ಪೋಸ್ಟ್ ಆಪ್‌ನಲ್ಲಿ "ಹೇಳೋವರೆಗೂ ನೀರು ಕೊಡಬೇಡಿ" ಅಂದ್ರು. ವಾರ್ಡಿಗೆ ಬಂದಮೇಲೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಹೇಳ್ತಾರೆ ಅಂತ ಕಾದ್ವಿ. ಅವಳು 22 ಗಂಟೆ ತುಟಿ ಒದ್ದೆ ಮಾಡ್ಕೊಂಡು ಕೂತಿದ್ದಳು. ಮಾರನೇ ದಿನ ಬೆಳಿಗ್ಗೆ ಬಂದ ಸಿಸ್ಟರ್ "ಅಯ್ಯೋ, ಇನ್ನೂ ಏನೂ ಕುಡಿದಿಲ್ವಾ?" ಅಂತ ನಮ್ಮನ್ನೇ ಬೈದರು.

ಇನ್ನೊಂದು. ಮಗುವಿಗೆ ಹಾಲು ಹಿಂಡಿ ಕೊಡಬೇಕು ಅಂತ ಎಸ್‌ಎನ್‌ಸಿಯು ಸಿಸ್ಟರ್ ಹೇಳಿದ್ದು ನನಗೆ, ಬಾಗಿಲ ಸಂದೀಲಿ. ಹೇಗೆ ಹಿಂಡಬೇಕು ಅಂತ ನನಗೇನು ಗೊತ್ತು? ವಾರ್ಡಿನ ಸಿಸ್ಟರಿಗೆ ಮಗು ಎಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ. ಮಂಚದ ಪಕ್ಕ ಮಗು ಇಲ್ಲದ್ದನ್ನ ನೋಡಿ ಏನೋ ಆಗಿರಬೇಕು ಅಂದುಕೊಂಡು, ಪಾಪ, ಮೆಲ್ಲಗೆ ಮಾತಾಡಿಸಿದ್ರು. ಅದನ್ನ ಕಂಡು ನನ್ನ ಹೆಂಡತಿ ಮಗುವಿಗೆ ಏನೋ ಆಗಿದೆ ಅಂತ ಅತ್ತಿದ್ದು ಅರ್ಧ ಗಂಟೆ.

ನೀವೆಲ್ಲ ನಿಮ್ಮ ನಿಮ್ಮಲ್ಲಿ ಹೇಳಿಕೊಳ್ಳೋದರ ಬಗ್ಗೆ ಮಾತಾಡ್ತಿದ್ದೀರಿ. ಒಂದು ಮಾತು ಅವಳಿಗೂ ಹೇಳಿ.

ಕುಡ್ಲದ ಸಿಸ್ಟರ್

ಛೇ. ಇದನ್ನು ಓದಿ ಬೇಜಾರಾಯ್ತು ಮಾರಾಯ್ರೆ. ನೀವು ಕೇಳ್ಬೇಕಿತ್ತು ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ.

ನಿವೃತ್ತ ಇನ್‌ಚಾರ್ಜ್

ಮಕ್ಕಳೇ, ನಾನು 36 ವರ್ಷ ಸರ್ವಿಸ್ ಮಾಡಿ ರಿಟೈರ್ ಆದವಳು. ನಮ್ಮ ಕಾಲದಲ್ಲಿ ಎಸ್‌ಬಾರೂ ಇರಲಿಲ್ಲ, ಏನೂ ಇರಲಿಲ್ಲ. ಓವರ್ ಅಂದರೆ ಮಂಚದ ಹತ್ತಿರ ನಿಂತು ಕೊಡೋದು. ಆಫೀಸ್ ಟೇಬಲ್ ಹತ್ತಿರ ಓವರ್ ಕೊಟ್ಟರೆ ಮೇಟ್ರನ್ ಟೋಪಿ ಕಿತ್ತಾರು ಅನ್ನೋ ಭಯ. ಕರ್ಕೊಂಡು ಬಂದವಳು ಪ್ಯಾಡ್ ತೋರಿಸದೇ ವಾರ್ಡು ಬಿಟ್ಟು ಹೋಗೋ ಹಾಗಿರಲಿಲ್ಲ. ಈಗ ಎಲ್ಲರ ಕಣ್ಣೂ ರಿಜಿಸ್ಟರ್ ಮೇಲೆ.

ಕೇಸ್‌ಶೀಟ್ ಕಾಮಣ್ಣ

ಅಮ್ಮಾ, ನಿಮ್ಮ ಕಾಲದಲ್ಲಿ ದಿನಕ್ಕೆ ಎಷ್ಟು ಹೆರಿಗೆ?

ನಿವೃತ್ತ ಇನ್‌ಚಾರ್ಜ್

ಮೂರು, ನಾಲ್ಕು. ಹುಣ್ಣಿಮೆ ಅಮಾವಾಸ್ಯೆಗೆ ಐದು.

ಕೇಸ್‌ಶೀಟ್ ಕಾಮಣ್ಣ

ಅದೇ ಹೇಳ್ತಿರೋದು. 2005-06ರ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ. 65ರ ಆಸುಪಾಸು. 2019-20ರದ್ದರಲ್ಲಿ ಶೇ. 97. ಜನನಿ ಸುರಕ್ಷಾ, ಮಡಿಲು ಕಿಟ್, ಆಶಾ ಕಾರ್ಯಕರ್ತೆಯರು ಎಲ್ಲ ಸೇರಿ ಹೆಂಗಸರನ್ನ ಆಸ್ಪತ್ರೆಗೆ ಕರೆತಂದರು, ಒಳ್ಳೇದೇ ಆಯ್ತು. ಆದರೆ ಮಂಚ, ಸಿಸ್ಟರ್, ಟ್ರಾಲಿ ಅದೇ ಲೆಕ್ಕದಲ್ಲಿ ಬರಲಿಲ್ಲ. ಶಿಸ್ತು ಕಮ್ಮಿ ಆಯ್ತು ಅಂತ ನಮ್ಮನ್ನ ಬೈಬೇಡಿ.

ನಿವೃತ್ತ ಇನ್‌ಚಾರ್ಜ್

ಬೈದಿಲ್ಲಪ್ಪ. ಪ್ಯಾಡ್ ನೋಡಿ ಅಂದೆ. ಅದಕ್ಕೆ ಮಂಚ ಬೇಡ.

ನರ್ಸಿಂಗ್ ಮೇಷ್ಟ್ರು

ಇಬ್ಬರದೂ ಸರಿ ಅನ್ನಿಸುತ್ತೆ, ಅದಕ್ಕೆ ಒಂದು ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿ ಇದೆಯಲ್ಲ, ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಕರ್ನಾಟಕದಲ್ಲೇ, 2012ರಲ್ಲಿ ಪ್ರಕಟವಾಯ್ತು. 29 ಅಗತ್ಯ ಕೆಲಸಗಳಲ್ಲಿ ಸರಾಸರಿ 10 ಆಗ್ತಿದ್ದದ್ದು ಪಟ್ಟಿ ಬಂದಮೇಲೆ 25ಕ್ಕೆ ಏರಿತು. ಎಲ್ಲರೂ ಹಿಗ್ಗಿದರು. ಆಮೇಲೆ ಉತ್ತರ ಪ್ರದೇಶದಲ್ಲಿ 120 ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ ಮಕ್ಕಳ ಮೇಲೆ ದೊಡ್ಡ ಅಧ್ಯಯನ ಮಾಡಿದರು, 2017ರಲ್ಲಿ ಫಲಿತಾಂಶ ಬಂತು. ಕೆಲಸಗಳು ಹೆಚ್ಚಿದವು, ಸಾವು ಕಮ್ಮಿ ಆಗಲಿಲ್ಲ. ಪಟ್ಟಿ ಕೆಟ್ಟದ್ದು ಅಂತ ನಾನು ಓದಿಕೊಳ್ಳಲ್ಲ. ಪಟ್ಟಿಯ ಹಿಂದೆ ರಕ್ತ, ಓಟಿ, ಕೈಗಳು ಇರಬೇಕು.

ಧಾರವಾಡದಾಕಿ

ಅಂದ್ರ ಟಿಕ್ ಹೊಡದ್ರ ರಕ್ತ ನಿಲ್ಲೂದಿಲ್ಲ ಅಂತ ದೊಡ್ಡವರೂ ಒಪ್ಪಿದ್ರು ಅನ್ರಿ.

ಡಬ್ಲಿನ್ ಅಕ್ಕ

ತಡವಾಗಿ ಬಂದೆ, ಇಲ್ಲಿ ಈಗ ನೈಟ್ ಬ್ರೇಕ್. ಐರ್ಲೆಂಡಿನಲ್ಲಿ ಹೆರಿಗೆ ವಿಭಾಗದಲ್ಲಿ ಎಂಟು ವರ್ಷದಿಂದ ಇದ್ದೀನಿ, ಮೂಲ ಬೆಳಗಾವಿ ಕಡೆ. ಇಲ್ಲಿ ಓವರ್ ವಿಷಯಕ್ಕೆ ರಾಷ್ಟ್ರಮಟ್ಟದ ಮಾರ್ಗಸೂಚಿಯೇ ಇದೆ, 2014ರದ್ದು, ಹೆರಿಗೆ ಸೇವೆಗೆ ಅಂತಲೇ. ಎಸ್‌ಬಾರ್ ಮುಂದೆ ಒಂದು "ಐ" ಸೇರಿಸಿ ಐಸ್‌ಬಾರ್ ಅಂತಾರೆ: ಮೊದಲು ನೀನು ಯಾರು, ಯಾರ ಬಗ್ಗೆ ಹೇಳ್ತಿದ್ದೀಯ ಹೇಳು. ಆ ಮಾರ್ಗಸೂಚಿ ಯಾಕೆ ಬಂತು ಅಂತ ನಮ್ಮ ಕಡೆಯವರಿಗೆ ಗೊತ್ತಿರಬೇಕು.

ಸವಿತಾ ಹಾಲಪ್ಪನವರ. ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ, 17 ವಾರದ ಬಸಿರು. 2012ರ ಅಕ್ಟೋಬರ್ 21ರಂದು ಗಾಲ್ವೇ ಆಸ್ಪತ್ರೆಗೆ ಸೇರಿದಳು, 28ಕ್ಕೆ ತೀರಿಹೋದಳು, ರಕ್ತಕ್ಕೆ ನಂಜೇರಿ. ಕೇಳಿದರೂ ಗರ್ಭಪಾತ ಮಾಡಲಿಲ್ಲ, ಆ ಕಾನೂನಿನ ಕಥೆ ಎಲ್ಲರಿಗೂ ಗೊತ್ತು, 2018ರಲ್ಲಿ ಜನಮತಕ್ಕೆ ಹಾಕಿ ಸಂವಿಧಾನವನ್ನೇ ಬದಲಾಯಿಸಿದರು. ಆದರೆ ವಿಚಾರಣೆಯಲ್ಲಿ ಹೊರಬಂದ ಇನ್ನೊಂದು ಕಥೆ ನಮ್ಮ ನಿಮ್ಮ ಕಥೆ. ಸೇರಿದ ದಿನವೇ ತೆಗೆದ ರಕ್ತದಲ್ಲಿ ಬಿಳಿ ರಕ್ತಕಣ ಹೆಚ್ಚಿತ್ತು. ಆ ವರದಿಯನ್ನ ಯಾರೂ ಸಮಯಕ್ಕೆ ನೋಡಲಿಲ್ಲ. ನಾಡಿ, ಜ್ವರ, ಬಿಪಿ ನೋಡಬೇಕಾದಾಗ ನೋಡಿದ್ದು, ನೋಡಿದ್ದನ್ನ ಮುಂದಿನವರಿಗೆ ಮುಟ್ಟಿಸಿದ್ದು, ಎರಡರಲ್ಲೂ ಸಂದು. 2013ರ ತನಿಖಾ ವರದಿ ಕೈತಪ್ಪಿದ ಅವಕಾಶಗಳು 13 ಅಂತ ಎಣಿಸಿತು.

ಇಲ್ಲಿ ಟ್ರೇನಿಂಗ್‌ನಲ್ಲಿ ಅವಳ ಹೆಸರು ಬಂದಾಗ ಎಲ್ಲರೂ ಒಮ್ಮೆ ನನ್ನ ಕಡೆ ತಿರುಗಿ ನೋಡ್ತಾರೆ. ನನ್ನ ಹೆಸರಿಗೂ ಅವಳ ಹೆಸರಿಗೂ ಒಂದೇ ಊರಿನ ವಾಸನೆ.

ಈಗ ಇಲ್ಲಿ ತಾಯಂದಿರ ಮುನ್ನೆಚ್ಚರಿಕೆ ಚಾರ್ಟಿನಲ್ಲಿ ನಾಡಿ, ಉಸಿರು, ಬಿಪಿಗೆ ಹಳದಿ, ಗುಲಾಬಿ ಬಣ್ಣದ ಪಟ್ಟಿ. ಲೆಕ್ಕ ಆ ಬಣ್ಣಕ್ಕೆ ಬಿದ್ದರೆ ಎಷ್ಟು ಕಿರಿಯಳಾದರೂ ಡಾಕ್ಟರನ್ನ ಕರೆಯೋ ಹಕ್ಕು ನರ್ಸಿಗೆ. "ನನಗೆ ಅನುಮಾನ ಇದೆ" ಅಂದರೆ ಯಾರೂ ನಗಲ್ಲ. ಅಂದರೆ ನಗಬಾರದು. ನಗೋರು ಇಲ್ಲೂ ಇದ್ದಾರೆ.

108ರ ಒಳಗಿನವ

ಓದಿ ಮೈ ಜುಮ್ ಅಂತು ಅಕ್ಕ.

ಪ್ರಶ್ನೆಮಣಿ

ಬೇರೆ ವಿಷಯ, ಕ್ಷಮಿಸಿ. ಶಿಫ್ಟ್ ಮಾಡುವಾಗ ಹಾಕಿರೋ ಡ್ರಿಪ್ ಬಾಟಲಿ ಬ್ಯಾಚ್ ನಂಬರ್ ಬರೀತೀರಾ? 2024ರ ಕೊನೇಲಿ ಬಳ್ಳಾರಿ ಬಾಣಂತಿಯರ ಸಾವಿನ ಸುದ್ದಿ ಆಗಿ, ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದಮೇಲೆ ನಮ್ಮಲ್ಲಿ ಕಡ್ಡಾಯ ಮಾಡಿದ್ದಾರೆ.

ವಾರ್ಡಿನವಳು

ಬರೀತೀವಿ. ಓಟಿಯಲ್ಲಿ ಹಾಕಿದ್ದನ್ನ ಓಟಿಯವರೇ ಬರೆದು ಕಳಿಸಬೇಕು ಅಂತ ಜಗಳ ಆಡಿ ಗೆದ್ದಿದ್ದೀವಿ. ಖಾಲಿ ಬಾಟಲಿ ಎಸೆದಮೇಲೆ ನಾವೆಲ್ಲಿ ಹುಡುಕೋದು?

ಕೇಸ್‌ಶೀಟ್ ಕಾಮಣ್ಣ

ಬೇರೆ ವಿಷಯ ಅಂದಮೇಲೆ ನನ್ನದೂ ಒಂದು. ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಅಂತ ಬೋರ್ಡ್ ಬಂತು. ವೀಲ್‌ಚೇರ್ ತಳ್ಳೋರು ಇಲ್ಲದಾಗ ಅಧಿಕಾರಿಯೇ ತಳ್ಳಬೇಕು. ನಮ್ಮದರಲ್ಲಿ ಮುಂದಿನ ಎಡಗಾಲಿ ಸುತ್ತಲ್ಲ, ಬಾಣಂತಿ ಬಲಕ್ಕೆ ಹೋಗಬೇಕು ಅಂದ್ರೆ ಎಡಕ್ಕೆ ತಳ್ಳಬೇಕು.

ಧಾರವಾಡದಾಕಿ

ನಮ್ದಕ್ಕ ಬ್ರೇಕ್ ಇಲ್ರಿ. ಇಳಿಜಾರಿನ್ಯಾಗ ಇಂಜೆಕ್ಷನ್ ಡಬ್ಬಿ ಗಾಲಿ ಕೆಳಗ ಇಡ್ತೇವಿ.

ಡಾಕ್ಟ್ರಮ್ಮ

ವಿಷಯಕ್ಕೆ ಬನ್ನಿ. ರಾತ್ರಿಪಾಳಿ, ನಿಮ್ಮಲ್ಲಿ ಏನಾದರೂ ಬದಲಾಯಿಸಿದ್ರಾ?

ರಾತ್ರಿಪಾಳಿ (ಮುಂದಿನ ಭಾನುವಾರ, ಬೆಳಿಗ್ಗೆ 6:20)

ಎಲ್ಲ ಓದಿದೆ. ಎರಡು ಸಲ ಓದಿದೆ. ಡ್ಯೂಟಿ ಇದ್ದದ್ದಕ್ಕೆ ಬರೆಯೋಕೆ ಆಗಲಿಲ್ಲ.

ಮೊನ್ನೆ ವಾರ್ಡಿನ ಅಕ್ಕನ ಹತ್ತಿರ ಹೋಗಿ ಕೂತೆ. ಮೀಟಿಂಗ್ ಆದಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಟೀ ಕುಡಿದ್ವಿ. ಅವರು ಹೇಳಿದ್ದು: "ನೀನು ಎಲ್ಲ ಸರಿ ಅಂದಿದ್ದಕ್ಕೆ ನಾನು ಅವಳನ್ನ ಪಟ್ಟೀಲಿ ಕೊನೆಗೆ ಹಾಕಿಕೊಂಡೆ. ಮೂತ್ರ ಆಗಿಲ್ಲ ಅಂದಿದ್ರೆ ಮೊದಲು ಅವಳ ಹತ್ತಿರ ಹೋಗ್ತಿದ್ದೆ." ಅವರು 34 ಜನರಲ್ಲಿ ಯಾರನ್ನ ಮೊದಲು ನೋಡಬೇಕು ಅಂತ ನನ್ನ ಒಂದು ಮಾತಿನ ಮೇಲೆ ತೀರ್ಮಾನ ಮಾಡ್ತಿದ್ರು. ಅದು ನನಗೆ ಇಷ್ಟು ವರ್ಷ ಹೊಳೆದಿರಲೇ ಇಲ್ಲ.

ನಾವು ಮಾಡಿಕೊಂಡಿದ್ದು ಇಷ್ಟು. ಫೋನಲ್ಲಿ "ಸರಿ ಇದೆ" ಅನ್ನೋ ಮಾತೇ ಇಲ್ಲ. ಬಾಕಿ ಏನಿದೆ, ಯಾವುದು ಯೋಚನೆ, ಇವೆರಡೇ. ಕುಡ್ಲದ ಸಿಸ್ಟರ್, ಮೇಷ್ಟ್ರು, ಇಬ್ಬರಿಗೂ ಥ್ಯಾಂಕ್ಸ್. ಇಬ್ಬರು ಡ್ಯೂಟೀಲಿ ಇದ್ದರೆ ಒಬ್ಬರು ಜೊತೆ ಹೋಗಿ ಧಾರವಾಡದ ಅಕ್ಕ ಹೇಳಿದ ಹಾಗೆ ಕೈ ಮೇಲೆ ಕೈ. ಒಬ್ಬರೇ ಇದ್ದರೆ ಹೋಗೋಕೆ ಆಗಲ್ಲ, ಅದು ಇನ್ನೂ ಹಾಗೇ ಇದೆ, ಸುಳ್ಳು ಹೇಳಲ್ಲ.

ಆಯಮ್ಮಂಗೆ ಮೂರು ಪ್ರಶ್ನೆ ಹೇಳಿಕೊಟ್ಟೆ. ಗಾಡಿ ತಳ್ಳೋ ಮುಂಚೆ ಅವರು ನಮ್ಮನ್ನ ಕೇಳಬೇಕು: ಮೂತ್ರ ಆಯ್ತಾ? ಪ್ಯಾಡ್ ನೋಡಿದ್ರಾ? ಕಾರ್ಡ್ ಕೊಟ್ರಾ? ಉತ್ತರ ಬರದೇ ಗಾಡಿ ಹೊರಡಬಾರದು. ಮೊದಲ ದಿನ ನಾಚಿಕೊಂಡರು. "ನಾನು ನಿಮ್ಮನ್ನ ಕೇಳೋದಾ ಸಿಸ್ಟರ್?" ಅಂತ.

ಮೊನ್ನೆ ರಾತ್ರಿ ಡ್ಯೂಟಿ ಡಾಕ್ಟರ್ "ಬೇಗ ಕಳಿಸಿ, ಟೇಬಲ್ ಬೇಕು" ಅಂದ್ರು. ಆಯಮ್ಮ ಹಿಡಿಕೆ ಮೇಲೆ ಕೈ ಇಟ್ಕೊಂಡು ನಿಂತೇ ಇದ್ದಾರೆ. "ಮೂತ್ರ ಆಗಿಲ್ಲ ಸಾರ್, ನಾನು ತಳ್ಳಲ್ಲ." ಲೇಬರ್ ರೂಮೆಲ್ಲ ಸ್ತಬ್ಧ. ಡಾಕ್ಟರ್ ನನ್ನ ಮುಖ ನೋಡಿದರು, ನಾನು ಬೆಡ್‌ಪ್ಯಾನ್ ತಂದೆ. ಆರು ನಿಮಿಷ ತಡ ಆಯ್ತು, ಅಷ್ಟೇ.

ನಿವೃತ್ತ ಇನ್‌ಚಾರ್ಜ್

ಆ ಆಯಮ್ಮನ್ನ ನನ್ನ ಕಾಲದಲ್ಲಿ ಕೊಟ್ಟಿದ್ರೆ ಇನ್ನೂ ಐದು ವರ್ಷ ಸರ್ವಿಸ್ ಮಾಡ್ತಿದ್ದೆ.

ಸುಮ್ನೆ ಓದ್ತಿದ್ದೆ

ನಾಲ್ಕನೇ ಪ್ರಶ್ನೆ ಒಂದು ಸೇರಿಸ್ತೀರಾ? "ಇವರು ನೀರು ಕುಡಿಯಬಹುದಾ?"

ರಾತ್ರಿಪಾಳಿ

ಸೇರಿಸ್ತೀನಿ ಅಣ್ಣ. ನಿಮ್ಮ ಮಗು ಈಗ ಹೇಗಿದೆ?

ಸುಮ್ನೆ ಓದ್ತಿದ್ದೆ

4 ಕೆಜಿ 100. ರಾತ್ರಿಯೆಲ್ಲ ಎಚ್ಚರ. ಅದಕ್ಕೇ ಈ ಹೊತ್ತಲ್ಲಿ ನಾನು ಇಲ್ಲಿ.

ಕೇಸ್‌ಶೀಟ್ ಕಾಮಣ್ಣ

ಆಯಮ್ಮಂಗೆ ನನ್ನ ಲೆಕ್ಕದಲ್ಲಿ ಒಂದು ಟೀ ಕೊಡಿಸಿ.

ರಾತ್ರಿಪಾಳಿ

ಅವರು ಟೀ ಕುಡಿಯಲ್ಲ, ಎಲೆ ಅಡಿಕೆ. ಸರಿ, ಟ್ರಾಲಿ ಸದ್ದು ಬಂತು, ಕೇಸ್ ಬಂದಿರಬೇಕು. ಬರ್ತೀನಿ.